ತುಕ್ಕು ಹಿಡಿದ ಬೀಡಿನ ಕಾವಲಿಗೆ ಮರುಜೀವ

ಮಹಾನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳ ಮನೆಯ ಲಾಫ್ಟಿನಲ್ಲಿ ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿಟ್ಟ ಒಂದು ಬೀಡಿನ ಕಾವಲಿ ಇರುತ್ತದೆ. ಅಜ್ಜಿಯೋ ಅತ್ತೆಯೋ ಊರಿನಿಂದ ಬರುವಾಗ ಹೊತ್ತು ತಂದದ್ದು ಅದು. ನಾನ್‌ಸ್ಟಿಕ್ ತವಾ ಮನೆಗೆ ಬಂದ ಮೇಲೆ ಅದು ಮೂಲೆ ಸೇರಿತು. ಮಳೆಗಾಲದ ತೇವಕ್ಕೆ ಕೆಂಪು ತುಕ್ಕು ಹಿಡಿಯಿತು. ಮನೆ ಬದಲಾಯಿಸುವ ದಿನ, ಇಲ್ಲವೇ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟುವ ಸಂದರ್ಭದಲ್ಲಿ ಅದು ಕೆಳಗಿಳಿಯುತ್ತದೆ. ಆಗ ಬಹುತೇಕ ಮನೆಗಳಲ್ಲಿ ಅದು ಹೋಗುವುದು ಭಂಗಾರದವನ ತಕ್ಕಡಿಗೆ.

ಹೀಗೆ ತೂಕಕ್ಕೆ ಹೋಗುವ ಕಾವಲಿಗಳಲ್ಲಿ ಹೆಚ್ಚಿನವು ಕೆಟ್ಟವಲ್ಲ. ತುಕ್ಕು ಬೀಡಿನ ಮೇಲ್ಮೈಯನ್ನು ಬಾಧಿಸುವ ದೋಷವೇ ಹೊರತು ಪಾತ್ರೆಯ ಅಂತ್ಯವಲ್ಲ. ಬಿರುಕು ಬಿಡದ ಬೀಡಿನ ಪಾತ್ರೆಯನ್ನು ಒಂದು ರಜಾದಿನದ ಶ್ರಮದಿಂದ ಮತ್ತೆ ಒಲೆಗೆ ಏರಿಸಬಹುದು. ಅದನ್ನು ಮಾಡುವ ಕ್ರಮವನ್ನೂ, ಪ್ರತಿಯೊಂದು ಹಂತದ ಹಿಂದಿರುವ ಕಾರಣವನ್ನೂ ಇಲ್ಲಿ ವಿವರಿಸುತ್ತಿದ್ದೇವೆ.

ಬೀಡು ಎಂದರೇನು?

ಕರಗಿಸಿದ ಕಬ್ಬಿಣವನ್ನು ಅಚ್ಚಿಗೆ ಎರೆದು ಮಾಡಿದ ಲೋಹವನ್ನು ಬೀಡು ಅಥವಾ ಎರಕದ ಕಬ್ಬಿಣ ಎನ್ನುತ್ತೇವೆ. ಇದರಲ್ಲಿ ಸುಮಾರು ಶೇ. 2ರಿಂದ 4ರವರೆಗೆ ಇಂಗಾಲವೂ, ಸ್ವಲ್ಪ ಸಿಲಿಕಾನ್ ಕೂಡ ಇರುತ್ತದೆ. ಈ ಇಂಗಾಲದ ಕಾರಣದಿಂದಲೇ ಬೀಡು ಗಡಸು. ಹಾಗೆಯೇ ಪೆಡಸು ಕೂಡ. ಬಡಿದರೆ ಬಗ್ಗುವುದಿಲ್ಲ, ಒಡೆಯುತ್ತದೆ. ತಗಡಿನಿಂದ ಮಾಡಿದ ತೆಳು ಕಬ್ಬಿಣದ ತವಾ ಬೇರೆ, ಬೀಡಿನ ಕಾವಲಿ ಬೇರೆ. ಬೀಡು ದಪ್ಪ, ಭಾರ. ಅದರ ಬೆನ್ನಿನ ಮೇಲೆ ಅಚ್ಚಿನ ಮರಳಿನ ತರಿ ಕಾಣುತ್ತದೆ.

ಚೀನಾದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಬ್ಬಿಣವನ್ನು ಎರಕ ಹೊಯ್ಯುತ್ತಿದ್ದರು. ಇಂಗ್ಲೆಂಡಿನಲ್ಲಿ ಅಬ್ರಹಾಂ ಡಾರ್ಬಿ ಎಂಬಾತ 1707ರಲ್ಲಿ ಮರಳಿನ ಅಚ್ಚಿನಲ್ಲಿ ಕಬ್ಬಿಣದ ಪಾತ್ರೆಗಳನ್ನು ಎರೆಯುವ ವಿಧಾನಕ್ಕೆ ಪೇಟೆಂಟ್ ಪಡೆದನು. ನಮ್ಮ ನಾಡಿನಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲಿನ ಊದುಕುಲುಮೆಯಿಂದ ಬೀಡನ್ನು ತೆಗೆಯಲು ಆರಂಭಿಸಿತು. ಬೆಳಗಾವಿಯ ಎರಕದ ಉದ್ದಿಮೆಗಳು ಇಂದಿಗೂ ಹೆಸರುವಾಸಿಯಾಗಿವೆ.

ಪಾತ್ರೆಯ ಹೆಸರು ಮಾತ್ರ ಊರಿಂದೂರಿಗೆ ಬೇರೆ. ಕರಾವಳಿಯವರು ಕಾವಲಿ ಎಂದರೆ ಉತ್ತರ ಕರ್ನಾಟಕದವರು ಹಂಚು ಎನ್ನುತ್ತಾರೆ. ಮುಂಬಯಿ, ಪುಣೆಗಳ ಪೇಟೆಯಲ್ಲಿ 'ಬಿಡಾಚಾ ತವಾ' ಎಂದು ಕೇಳಿದರೆ ಇದೇ ಸಿಗುತ್ತದೆ. ಮರಾಠಿಯಲ್ಲಿಯೂ ಬೀಡ ಎಂಬುದೇ ಈ ಲೋಹದ ಹೆಸರು. ಚೆನ್ನೈಯಲ್ಲಿ ದೋಸೈಕ್ಕಲ್, ಹೈದರಾಬಾದಿನಲ್ಲಿ ಪೆನಮು ಎಂದು ಕೇಳಿ, ಎರಕದ್ದೇ ಬೇಕೆಂದು ಸೇರಿಸಿ ಹೇಳಬೇಕು. ಇಲ್ಲಿ ಹೇಳುವ ಕ್ರಮ ದೋಸೆಯ ಕಾವಲಿಗೂ, ಬಾಣಲೆಗೂ, ಪಡ್ಡಿನ ಕಾವಲಿಗೂ ಒಂದೇ. ಮೇಲೆ ಬಣ್ಣದ ಎನಾಮೆಲ್ ಲೇಪವಿರುವ ಪಾತ್ರೆಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ತುಕ್ಕು ಏಕೆ ಹಿಡಿಯುತ್ತದೆ?

ಕಬ್ಬಿಣ, ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಈ ಮೂರೂ ಸೇರಿದಾಗ ತುಕ್ಕು ಹುಟ್ಟುತ್ತದೆ. ಉಪ್ಪಿನ ಅಂಶವಿದ್ದರೆ ಈ ಕ್ರಿಯೆ ಇನ್ನಷ್ಟು ಬೇಗ ನಡೆಯುತ್ತದೆ. ಆದ್ದರಿಂದಲೇ ಕಡಲ ಗಾಳಿ ಬೀಸುವ ಮುಂಬಯಿ ಮತ್ತು ಚೆನ್ನೈಗಳಲ್ಲಿ ಕಾವಲಿಯನ್ನು ಕಾಪಾಡುವುದು ಪುಣೆ, ದೆಹಲಿಗಳಿಗಿಂತ ಕಷ್ಟ. ತುಕ್ಕಿಗೆ ಇನ್ನೊಂದು ದುರ್ಗುಣವಿದೆ. ಅಲ್ಯೂಮಿನಿಯಮ್ಮಿನ ಮೇಲೆ ಹುಟ್ಟುವ ಆಕ್ಸೈಡ್ ಗಟ್ಟಿ ಪೊರೆಯಾಗಿ ಒಳಗಿನ ಲೋಹವನ್ನು ರಕ್ಷಿಸುತ್ತದೆ. ಕಬ್ಬಿಣದ ಕೆಂಪು ತುಕ್ಕು ಹಾಗಲ್ಲ. ಅದು ಸಡಿಲ, ತೂತುತೂತು. ತೇವವನ್ನು ಹಿಡಿದಿಟ್ಟುಕೊಂಡು ಇನ್ನಷ್ಟು ಆಳಕ್ಕೆ ಇಳಿಯುತ್ತದೆ.

ಹಾಗಾದರೆ ದೆಹಲಿಯ ಮೆಹ್ರೌಲಿಯಲ್ಲಿರುವ, ಸುಮಾರು 1,600 ವರ್ಷ ಹಳೆಯದಾದ ಕಬ್ಬಿಣದ ಸ್ತಂಭ ಉಳಿದದ್ದು ಹೇಗೆ? ಅದು ಎರಕದ್ದಲ್ಲ, ಬಡಿದು ಬೆಸೆದ ಕಬ್ಬಿಣ. ಅದರಲ್ಲಿ ರಂಜಕದ ಅಂಶ ಹೆಚ್ಚು. ಆ ರಂಜಕದಿಂದಾಗಿ ಲೋಹದ ಮೇಲೆ ತೆಳ್ಳನೆಯ ರಕ್ಷಕ ಪೊರೆ ಕಟ್ಟಿಕೊಂಡಿದೆ ಎಂಬುದನ್ನು ಕಾನ್ಪುರದ ಐಐಟಿಯ ಪ್ರಾಧ್ಯಾಪಕರಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರಿಸಿದ್ದಾರೆ. ನಮ್ಮ ಕಾವಲಿಗೆ ಅಂತಹ ಪೊರೆ ತಾನಾಗಿ ಬರುವುದಿಲ್ಲ. ಅದನ್ನು ಎಣ್ಣೆಯಿಂದ ನಾವೇ ಕಟ್ಟಬೇಕು. ನಮ್ಮ ಹಿರಿಯರು 'ಕಾವಲಿ ಪಳಗಿಸುವುದು' ಎಂದು ಕರೆದದ್ದು ಇದನ್ನೇ.

ಮೊದಲು ಪರೀಕ್ಷೆ

ಕೈಹಚ್ಚುವ ಮುನ್ನ ಪಾತ್ರೆ ಶ್ರಮಕ್ಕೆ ಯೋಗ್ಯವೇ ಎಂದು ನೋಡಬೇಕು. ಕಾವಲಿಯನ್ನು ಹಿಡಿಯಿಂದ ಎತ್ತಿ ಮರದ ಸೌಟಿನಿಂದ ಮೆಲ್ಲಗೆ ತಟ್ಟಿರಿ. ಗಂಟೆಯಂತೆ ನಾದ ಬಂದರೆ ಒಳ್ಳೆಯದು. ಬೊದ್ದು ಸದ್ದು ಬಂದರೆ ಬಿರುಕಿನ ಸಂದೇಹ. ಸಂದೇಹವಿದ್ದಲ್ಲಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿ ನೋಡಬಹುದು. ಬಿರುಕು ಇದ್ದಲ್ಲಿ ಒಳಗೆ ಇಳಿದಿದ್ದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಬಿರುಕು ಬಿಟ್ಟ ಬೀಡನ್ನು ಮನೆಯಲ್ಲಿ ಸರಿಪಡಿಸಲಾಗದು. ಬೆಂಕಿಯ ಮೇಲೆ ಅದು ಯಾವ ಗಳಿಗೆಯಲ್ಲಾದರೂ ಎರಡಾಗಬಹುದು.

ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ನಿಮ್ಮ ಮನೆಯ ಕಾವಲಿಯ ಚರಿತ್ರೆ ನಿಮಗೆ ಗೊತ್ತು. ಗುಜರಿ ಪೇಟೆಯಲ್ಲಿ ಕೊಂಡ ಹಳೆಯ ಬಾಣಲೆಯ ಚರಿತ್ರೆ ಗೊತ್ತಿರುವುದಿಲ್ಲ. ಕಬ್ಬಿಣದ ಬಾಣಲೆಗಳಲ್ಲಿ ಸೀಸ ಕರಗಿಸುವವರೂ, ಬಣ್ಣ ಕಲಸುವವರೂ ಇದ್ದಾರೆ. ಸೀಸದ ವಿಷ ಉಜ್ಜಿದರೆ ಹೋಗುವಂಥದಲ್ಲ. ಮೂಲ ತಿಳಿಯದ ಪಾತ್ರೆಯನ್ನು ಅಡುಗೆಗೆ ತರದಿರುವುದೇ ಲೇಸು.

ತುಕ್ಕು ತೆಗೆಯುವ ಕ್ರಮ

ಕೆಲಸಕ್ಕೆ ಬೇಕಾದದ್ದು ಇಷ್ಟು: ರಬ್ಬರ್ ಕೈಗವಸು, ಮೂಗಿಗೆ ಬಟ್ಟೆ, ಸ್ಟೀಲಿನ ನಾರು ಅಥವಾ ತಂತಿಯ ಬ್ರಷ್, ಕಲ್ಲುಪ್ಪು, ಬಿಳಿ ವಿನೆಗರ್, ಅಡುಗೆ ಸೋಡಾ, ಪಾತ್ರೆ ತೊಳೆಯುವ ಸಾಬೂನು ಮತ್ತು ಎಳೆ ಬಿಡದ ಹಳೆಯ ಹತ್ತಿಬಟ್ಟೆ. ತುಕ್ಕಿನ ಪ್ರಮಾಣಕ್ಕೆ ತಕ್ಕಂತೆ ವಿಧಾನವನ್ನು ಆರಿಸಿಕೊಳ್ಳಬೇಕು.

ಅಲ್ಲಲ್ಲಿ ಕೆಂಪು ಚುಕ್ಕೆಗಳಷ್ಟೇ ಇದ್ದರೆ ಒಂದು ಹಿಡಿ ಕಲ್ಲುಪ್ಪನ್ನೂ ಒಂದು ಚಮಚ ಎಣ್ಣೆಯನ್ನೂ ಹಾಕಿ ತೆಂಗಿನ ನಾರಿನಿಂದ ಉಜ್ಜಿದರೆ ಸಾಕು. ಉಪ್ಪು ಮರಳಿನಂತೆ ತುಕ್ಕನ್ನು ಕೆರೆಯುತ್ತದೆ. ಆದರೆ ಉಪ್ಪು ಸ್ವತಃ ತುಕ್ಕಿಗೆ ಕಾರಣವಾದ್ದರಿಂದ ಕೂಡಲೇ ಪೂರ್ತಿಯಾಗಿ ತೊಳೆದುಬಿಡಬೇಕು.

ಇಡೀ ಕಾವಲಿ ಕೆಂಪಾಗಿದ್ದರೆ ಸ್ಟೀಲಿನ ನಾರಿನಿಂದ ಸಾಬೂನು ನೀರು ಹಾಕಿ ಉಜ್ಜಬೇಕು. ಒಣತುಕ್ಕನ್ನು ಉಜ್ಜಿದರೆ ಧೂಳು ಮೂಗಿಗೆ ಹೋಗುತ್ತದೆ. ಒದ್ದೆ ಮಾಡಿ ಉಜ್ಜುವುದು ಮೇಲು. ಪಡ್ಡಿನ ಕಾವಲಿಯ ಗುಳಿಗಳಿಗೆ ಮರಳು ಕಾಗದದ ಚಿಕ್ಕ ತುಂಡನ್ನು ಬೆರಳಿಗೆ ಸುತ್ತಿಕೊಂಡು ಉಜ್ಜಬಹುದು. ಅಂಗಡಿಯಲ್ಲಿ ಇದನ್ನೇ ಪಾಲಿಶ್ ಪೇಪರ್ ಎಂದು ಕೊಡುತ್ತಾರೆ.

ತುಕ್ಕು ಪದರುಗಟ್ಟಿದ್ದರೆ ಹುಳಿಯ ನೆರವು ಬೇಕು. ಸಮಪ್ರಮಾಣದಲ್ಲಿ ವಿನೆಗರ್ ಮತ್ತು ನೀರನ್ನು ಬೆರೆಸಿ ಕಾವಲಿಯನ್ನು ಪೂರ್ತಿ ಮುಳುಗಿಸಿರಿ. ಅರ್ಧ ಗಂಟೆಯ ಬಳಿಕ ತೆಗೆದು ಉಜ್ಜಿ ನೋಡಿರಿ. ಉಳಿದಿದ್ದರೆ ಮತ್ತೆ ಅರ್ಧ ಗಂಟೆ. ರಾತ್ರಿಯಿಡೀ ನೆನೆಹಾಕುವ ತಪ್ಪನ್ನು ಯಾರೂ ಮಾಡಬಾರದು. ತುಕ್ಕು ಮುಗಿದ ಮೇಲೆ ಹುಳಿಯು ಒಳ್ಳೆಯ ಕಬ್ಬಿಣವನ್ನೇ ತಿನ್ನತೊಡಗುತ್ತದೆ, ಮೇಲ್ಮೈಯಲ್ಲಿ ಗುಳಿ ಬೀಳುತ್ತದೆ. ಹೊರತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದರೆ ಉಳಿದ ಹುಳಿ ಶಮನವಾಗುತ್ತದೆ.

ಹುಣಸೆಹಣ್ಣಿನ ನೀರು, ನಿಂಬೆರಸ ಹಾಗೂ ಹುಳಿಬಂದ ಗಂಜಿ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಹೊಸ ಕಾವಲಿಯನ್ನು ಕೆಲವು ದಿನ ಗಂಜಿಯಲ್ಲಿಟ್ಟು, ದಿನವೂ ಗಂಜಿ ಬದಲಿಸಿ ತೊಳೆಯುತ್ತಿದ್ದ ಹಿಂದಿನ ಪದ್ಧತಿಯ ಅರ್ಥ ಇದೇ. ಗಂಜಿಯ ಹುಳಿ ಅತ್ಯಂತ ಮೃದು. ಆದ್ದರಿಂದ ದಿನಗಟ್ಟಲೆ ಇಟ್ಟರೂ ಲೋಹಕ್ಕೆ ಅಪಾಯವಿರಲಿಲ್ಲ. ಇದಕ್ಕೆ ಬದಲಾಗಿ ಶೌಚಾಲಯ ತೊಳೆಯುವ ಆಮ್ಲವನ್ನು ಬಳಸುವವರಿದ್ದಾರೆ. ಅಡುಗೆಯ ಪಾತ್ರೆಗೆ ಅದು ಸರ್ವಥಾ ಸಲ್ಲದು. ಹಾಗೆಯೇ ತುಕ್ಕು ಸುಟ್ಟುಹೋಗಲೆಂದು ಕಾವಲಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸುವುದೂ ಬೇಡ. ಬೀಡು ಸೊಟ್ಟಗಾಗಬಹುದು, ಸೀಳಬಹುದು.

ಕೆಲಸ ಮುಗಿದಾಗ ಕಾವಲಿ ಬೂದುಬಣ್ಣಕ್ಕೆ ಬಂದಿರುತ್ತದೆ. ಒರೆಸಿದ ಬಿಳಿ ಬಟ್ಟೆಗೆ ಕೆಂಪು ಹತ್ತದಿದ್ದರೆ ತುಕ್ಕು ಹೋಗಿದೆ ಎಂದು ತಿಳಿಯಬಹುದು.

ಒಣಗಿಸುವುದರಲ್ಲಿ ತಡ ಸಲ್ಲದು

ಬರಿಮೈಯಾದ ಬೀಡು ಗಾಳಿಗೆ ತೆರೆದುಕೊಂಡ ಹತ್ತೇ ನಿಮಿಷದಲ್ಲಿ ಮತ್ತೆ ಕಿತ್ತಳೆ ಬಣ್ಣಕ್ಕೆ ತಿರುಗಬಲ್ಲದು. ಬಿಸಿಲಿಗೆ ಇಟ್ಟು ಬರೋಣವೆಂದರೆ ಅಷ್ಟರಲ್ಲಿಯೇ ಪಟ್ಟ ಶ್ರಮ ವ್ಯರ್ಥ. ತೊಳೆದ ಕೂಡಲೇ ಬಟ್ಟೆಯಿಂದ ಒರೆಸಿ ಸಣ್ಣ ಉರಿಯ ಮೇಲೆ ಐದು ನಿಮಿಷ ಇಡಬೇಕು. ಹಿಡಿಯ ಬುಡ, ಗುಳಿ, ಅಂಚು ಎಲ್ಲವೂ ಒಣಗಬೇಕು.

ಉರಿಯನ್ನು ಏರಿಸುವುದೂ, ತಣಿಸುವುದೂ ನಿಧಾನವಾಗಿಯೇ ಆಗಬೇಕು. ಈ ಪಾಠವನ್ನು ನಾವು ನಷ್ಟದಿಂದ ಕಲಿತಿದ್ದೇವೆ. ಒಮ್ಮೆ ನಮ್ಮ ಮನೆಯಲ್ಲಿ ಅತಿಥಿಗಳು ಬರುವ ಅವಸರದಲ್ಲಿ ಕಾದ ಕಾವಲಿಯನ್ನು ನಲ್ಲಿಯ ಕೆಳಗೆ ಹಿಡಿದೆವು. 'ಟಣ್' ಎಂಬ ಒಂದೇ ಸದ್ದು. ಅಂಚಿನಿಂದ ನಡುವಿನವರೆಗೆ ಬಿರುಕು. ನಮ್ಮ ತಾಯಿಯವರು ಮದುವೆಯಾಗಿ ಬಂದ ವರ್ಷದಿಂದ ಬಳಸುತ್ತಿದ್ದ ಕಾವಲಿ ಅದು. ಅವರು ಏನೂ ಅನ್ನಲಿಲ್ಲ. ಅಂದು ದೋಸೆಯ ಬದಲು ಉಪ್ಪಿಟ್ಟು ಮಾಡಿದರು. ತುಕ್ಕು ಹತ್ತು ವರ್ಷದಲ್ಲಿ ಮಾಡದ ಹಾನಿಯನ್ನು ತಣ್ಣೀರು ಒಂದು ಕ್ಷಣದಲ್ಲಿ ಮಾಡಿತ್ತು.

ಪಳಗಿಸುವ ಕ್ರಮ

ಎಣ್ಣೆಯನ್ನು ತೆಳುವಾಗಿ ಸವರಿ ಚೆನ್ನಾಗಿ ಕಾಯಿಸಿದಾಗ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಆಗ ಅದು ಎಣ್ಣೆಯಾಗಿ ಉಳಿಯದೆ ಲೋಹಕ್ಕೆ ಅಂಟಿದ ಕಪ್ಪು ಪೊರೆಯಾಗುತ್ತದೆ. ಈ ಪೊರೆಯೇ ತೇವವನ್ನು ತಡೆಯುವುದು. ದೋಸೆ ಅಂಟದೆ ಏಳುವುದೂ ಇದರಿಂದಲೇ.

ಯಾವ ಎಣ್ಣೆ ಒಳ್ಳೆಯದು ಎಂಬ ಪ್ರಶ್ನೆ ಸಹಜ. ಸೂರ್ಯಕಾಂತಿ, ಸೋಯಾ ಎಣ್ಣೆಗಳು ಬೇಗ ಪೊರೆ ಕಟ್ಟುತ್ತವೆ. ಕಡಲೆಕಾಯಿ ಎಣ್ಣೆಯೂ ಆದೀತು. ಕರಾವಳಿಯ ಮನೆಗಳಲ್ಲಿ ತೆಂಗಿನೆಣ್ಣೆಯದೇ ಬಳಕೆ. ಆದರೆ ತೆಂಗಿನೆಣ್ಣೆ ಮತ್ತು ತುಪ್ಪಗಳಲ್ಲಿ ಕೊಂಡಿ ಹಾಕಿಕೊಳ್ಳಬಲ್ಲ ಅಂಶ ಕಡಿಮೆಯಾದ್ದರಿಂದ ಪೊರೆ ಕಟ್ಟುವುದು ನಿಧಾನ. ಪಳಗಿಸಲು ಬೇರೆ ಎಣ್ಣೆ ಬಳಸಿ, ದೋಸೆ ಎರೆಯಲು ತೆಂಗಿನೆಣ್ಣೆಯನ್ನೇ ಬಳಸಿದರೆ ರುಚಿಗೂ ಕೊರತೆಯಿಲ್ಲ. ಅಗಸೆ ಎಣ್ಣೆ ಬಹಳ ಗಟ್ಟಿಯಾದ ಪೊರೆ ಕಟ್ಟುತ್ತದೆ. ಆದರೆ ಅದು ಹಕ್ಕಳೆಯಾಗಿ ಏಳುವುದೂ ಉಂಟು. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬಾರದು. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ ಬಿಸುಡಬೇಕು.

ಗ್ಯಾಸ್ ಒಲೆಯ ಮೇಲೆ ಮಾಡುವ ವಿಧಾನ ಹೀಗಿದೆ. ಕಿಟಕಿಗಳನ್ನು ತೆರೆದಿಟ್ಟು ಕಾವಲಿಯನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿರಿ. ಒಲೆಯನ್ನು ಆರಿಸಿ, ಅರ್ಧ ಚಮಚ ಎಣ್ಣೆಯನ್ನು ಮೇಲೆ, ಕೆಳಗೆ, ಹಿಡಿಗೆ ಸವರಿರಿ. ಅನಂತರ ಒಣಬಟ್ಟೆಯಿಂದ ಪೂರ್ತಿಯಾಗಿ ಒರೆಸಿ ತೆಗೆಯಿರಿ. ಎಣ್ಣೆ ಹಚ್ಚಿದ್ದೇ ತಪ್ಪಾಯಿತೆಂಬಂತೆ ಒರೆಸಬೇಕು. ಕಣ್ಣಿಗೆ ಕಾಣದಷ್ಟು ಉಳಿದರೆ ಸಾಕು. ಹೆಚ್ಚು ಎಣ್ಣೆ ಉಳಿದರೆ ಪೊರೆಯ ಬದಲು ಅಂಟು ಜಿಡ್ಡು ಕೂರುತ್ತದೆ. ಈಗ ಮಧ್ಯಮ ಉರಿಯಲ್ಲಿ ತೆಳು ಹೊಗೆ ಏಳುವವರೆಗೆ ಕಾಯಿಸಿ, ಹೊಗೆ ನಿಂತ ಮೇಲೆ ಆರಿಸಿ ತಣಿಯಲು ಬಿಡಿರಿ. ಹೀಗೆ ನಾಲ್ಕೈದು ಬಾರಿ ಮಾಡಿದರೆ ಬೂದುಬಣ್ಣ ಹೋಗಿ ಕಂದು, ಬಳಿಕ ಕಪ್ಪು ಬಣ್ಣ ಬರುತ್ತದೆ. ಒಲೆಯ ಬಳಿಯಿಂದ ಕದಲಬಾರದು.

ಮನೆಯಲ್ಲಿ ದೊಡ್ಡ ಓವನ್ ಇದ್ದವರಿಗೆ ಕೆಲಸ ಇನ್ನೂ ಸುಲಭ. ಎಣ್ಣೆ ಸವರಿ ಒರೆಸಿದ ಕಾವಲಿಯನ್ನು ಬೋರಲಾಗಿಟ್ಟು 220ರಿಂದ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ಒಳಗೇ ತಣಿಯಲು ಬಿಡಬೇಕು. ಮೂರು ಬಾರಿ ಸಾಕು. ಮರದ ಹಿಡಿಯಿರುವ ಪಾತ್ರೆಯನ್ನು ಓವನ್‌ಗೆ ಇಡಬಾರದು.

ಮೊದಲ ವಾರದ ಅಡುಗೆ

ಪಳಗಿಸಿದ ಮಾತ್ರಕ್ಕೆ ಕಾವಲಿ ಹಳೆಯ ಸ್ಥಿತಿಗೆ ಬಂದಿತೆಂದಲ್ಲ; ಉಳಿದ ಕೆಲಸವನ್ನು ಅಡುಗೆಯೇ ಮಾಡಬೇಕು. ಬಾಣಲೆಯಾದರೆ ಮೊದಲು ಪೂರಿ, ಬೋಂಡಾಗಳನ್ನು ಕರಿಯುವುದು ಉತ್ತಮ. ಕಾವಲಿಯಾದರೆ ಎಣ್ಣೆ ಸ್ವಲ್ಪ ಹೆಚ್ಚೇ ಹಾಕಿ ಉದ್ದಿನ ದೋಸೆ ಅಥವಾ ಅಡೆ ದೋಸೆ ಎರೆಯಬಹುದು. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುವ ವಾಡಿಕೆ ಒಳ್ಳೆಯದೇ; ಅದು ಎಣ್ಣೆಯನ್ನು ಸಮನಾಗಿ ಹರಡುತ್ತದೆ. ಮೊದಲ ಒಂದೆರಡು ದೋಸೆ ಹರಿದರೆ ನಿರಾಶೆ ಬೇಡ. ನೀರುದೋಸೆ ಕೊನೆಯ ಪರೀಕ್ಷೆ. ಅದು ಹರಿಯದೆ ಎದ್ದ ದಿನ ಕಾವಲಿ ಪಳಗಿತೆಂದು ನಿಶ್ಚಿಂತೆಯಿಂದ ಹೇಳಬಹುದು.

ಮೊದಲ ತಿಂಗಳು ಟೊಮೇಟೊ, ಹುಣಸೆ, ಮಜ್ಜಿಗೆ ಸೇರಿದ ಅಡುಗೆಯನ್ನು ಅದರಲ್ಲಿ ಕುದಿಸಬಾರದು. ಹುಳಿ ಎಳೆಯ ಪೊರೆಯನ್ನು ಕಿತ್ತುಹಾಕುತ್ತದೆ, ಅಡುಗೆ ಕಪ್ಪಾಗುತ್ತದೆ. ಬೀಡು ಅಲ್ಯೂಮಿನಿಯಮ್ಮಿಗಿಂತ ನಿಧಾನವಾಗಿ ಕಾಯುತ್ತದೆ. ಕಾದ ಮೇಲೆ ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಆದ್ದರಿಂದ ಸಣ್ಣ ಉರಿಯಲ್ಲಿ ಸಾವಕಾಶವಾಗಿ ಕಾಯಿಸಿ, ಹಿಟ್ಟು ಎರೆಯಬೇಕು. ಇಂಡಕ್ಷನ್ ಒಲೆಗೂ ಬೀಡು ಹೊಂದುತ್ತದೆ. ಅಲ್ಲಿಯೂ ಉರಿಯನ್ನು ಒಮ್ಮೆಗೇ ಏರಿಸಬಾರದು.

ದೋಸೆ ಕಾವಲಿಯ ಮೇಲೆ ಚಪಾತಿ ಬೇಯಿಸಬೇಡಿ ಎಂದು ಹಿರಿಯರು ಗದರಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಅದು ಬರಿಯ ಮಡಿಯ ಮಾತಲ್ಲ. ಚಪಾತಿಗೂ ಜೋಳದ ರೊಟ್ಟಿಗೂ ಎಣ್ಣೆಯಿಲ್ಲದ ಒಣ ಕಾವು ಬೇಕು. ಆ ಕಾವಿಗೆ ದೋಸೆಯ ಪೊರೆ ಸುಟ್ಟು ಸವೆಯುತ್ತದೆ. ರೊಟ್ಟಿಗೊಂದು ಹಂಚು, ದೋಸೆಗೊಂದು ಕಾವಲಿ ಎಂಬ ಕಟ್ಟಳೆ ಅನುಭವದಿಂದ ಬಂದದ್ದು.

ನಿತ್ಯದ ಆರೈಕೆ

ಅಡುಗೆ ಮುಗಿದು ಕಾವಲಿ ಕೈ ತಾಳುವಷ್ಟು ತಣಿದ ಮೇಲೆ ಬಿಸಿನೀರಿನಲ್ಲಿ ತೆಂಗಿನ ನಾರಿನಿಂದ ತೊಳೆದು, ಒರೆಸಿ, ಒಲೆಯ ಮೇಲೆ ಒಣಗಿಸಿ, ಒಂದೆರಡು ತೊಟ್ಟು ಎಣ್ಣೆ ಸವರಿಡಬೇಕು. ಸಾಬೂನು ತಾಗಿದರೆ ಕಾವಲಿ ಕೆಡುತ್ತದೆಂಬುದು ಪೂರ್ತಿ ಸತ್ಯವಲ್ಲ. ಇಂದಿನ ಮೃದು ಸಾಬೂನು ಗಟ್ಟಿಯಾದ ಪೊರೆಯನ್ನು ಕರಗಿಸದು. ಸೀಗೆಪುಡಿಯೂ ಆಗಬಹುದು. ಕೆಡಿಸುವುದು ನೀರಿನಲ್ಲಿ ನೆನೆಹಾಕುವುದು ಮತ್ತು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವುದು. ಮನೆಗೆಲಸಕ್ಕೆ ಬರುವವರು ಉಳಿದ ಪಾತ್ರೆಗಳಂತೆ ಇದನ್ನೂ ಉಜ್ಜಿ ಒದ್ದೆಯಾಗಿಯೇ ಬೋರಲು ಹಾಕುವುದುಂಟು. ತಪ್ಪು ಅವರದಲ್ಲ, ನಾವು ತಿಳಿಸದೆ ಇದ್ದುದು. ಕಾವಲಿಯೊಂದನ್ನು ಮನೆಯವರೇ ತೊಳೆದುಕೊಳ್ಳುವುದು ಒಳ್ಳೆಯದು.

ಮುಂಬಯಿಯವರು ಜೂನಿನಿಂದ ಸೆಪ್ಟೆಂಬರ್‌ವರೆಗೆ, ಚೆನ್ನೈಯವರು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹೆಚ್ಚು ಜಾಗ್ರತೆ ವಹಿಸಬೇಕು. ರಜೆಗೆ ಊರಿಗೆ ಹೋಗುವಾಗ ಎಣ್ಣೆಯನ್ನು ತೆಳುವಾಗಿ ಸವರಿ, ಒಣ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲ ತೇವವನ್ನು ಹಿಡಿದಿಡುವುದರಿಂದ ಬೇಡ.

ಆರೋಗ್ಯದ ವಿಚಾರ

ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಆಹಾರಕ್ಕೆ ಸ್ವಲ್ಪ ಕಬ್ಬಿಣಾಂಶ ಸೇರುತ್ತದೆ. ಹುಳಿ ಮತ್ತು ನೀರು ಹೆಚ್ಚಿದ್ದು ಬಹಳ ಹೊತ್ತು ಬೇಯುವ ಅಡುಗೆಗೆ ಹೆಚ್ಚು, ಕ್ಷಣದಲ್ಲಿ ಏಳುವ ದೋಸೆಗೆ ಕಡಿಮೆ. ರಕ್ತಹೀನತೆ ಇರುವವರಿಗೆ ಇದು ಸಹಾಯಕವಾದೀತೇ ಹೊರತು ಔಷಧಿಗೆ ಬದಲಾಗದು. ತಲಸ್ಸೇಮಿಯಾ ಇರುವವರು, ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಬಳಸಬೇಕು.

ನಾನ್‌ಸ್ಟಿಕ್ ತವಾದ ಲೇಪ ಒಮ್ಮೆ ಕಿತ್ತುಹೋದರೆ ಅದನ್ನು ಮನೆಯಲ್ಲಿ ಮತ್ತೆ ಕಟ್ಟಲಾಗದು. ಬೀಡಿನ ಪೊರೆ ಹಾಗಲ್ಲ. ಎಷ್ಟು ಬಾರಿ ಹೋದರೂ ಅಷ್ಟು ಬಾರಿ ಕಟ್ಟಬಹುದು. ಆದರೆ ಪಳಗಿಸಿ ಮತ್ತೆ ಲಾಫ್ಟಿಗೇ ಏರಿಸಿದರೆ ಮುಂದಿನ ಮಳೆಗಾಲಕ್ಕೆ ಅದೇ ತುಕ್ಕು ಮರಳುತ್ತದೆ. ಕಾವಲಿಯನ್ನು ಕಾಯುವುದು ಕೊನೆಗೂ ವಾರಕ್ಕೆರಡು ಬಾರಿ ಎರೆಯುವ ದೋಸೆಯೇ. ನಮ್ಮ ಓದುಗರು ಈ ಭಾನುವಾರ ತಮ್ಮ ಲಾಫ್ಟನ್ನು ಒಮ್ಮೆ ನೋಡಲಿ, ಮನೆಯ ಮಕ್ಕಳ ಕೈಯಲ್ಲಿಯೂ ಉಪ್ಪು ಮತ್ತು ತೆಂಗಿನ ನಾರನ್ನು ಕೊಡಲಿ. ಯಾರ ಕಾವಲಿ ಅದು, ಯಾವ ಊರಿನಿಂದ ಬಂತು ಎಂಬ ಮಾತು ಉಜ್ಜುವ ಹೊತ್ತಿಗೆ ತಾನಾಗಿ ಬರುತ್ತದೆ.